ದೋಣಿಯ ಮೂತಿಯೊಳಗಿನ ಗಂಟು

ಮದ್ದೂರು
೫ ಅಕ್ಟೋಬರ್ ೨೦೨೫

ತಂಗಿ ಕವಿತಾ,

ಮೊಳಗಲಿ ಭೇರಿ, ಸರಿಯಲಿ ಪರದೆ! ಇಷ್ಟು ದಿನ ಫೈಬರಿನಲ್ಲಿ ನೀರಿನ ಟ್ಯಾಂಕು, ನಾಟಕದ ಕಿರೀಟ, ಮದುವೆ ಮಂಟಪದ ಕಂಬ ಮಾಡುತ್ತಿದ್ದ ನಿನ್ನ ಅಣ್ಣ ಜಯಪ್ರಕಾಶ ಇನ್ನು ಮುಂದೆ ದೋಣಿ ತಯಾರಕ! ನನ್ನ ಹೆಸರು, ದೋಣಿಯ ನಂಬರು, ‘ನಾಲ್ಕು ಜನರಿಗೆ ಮಾತ್ರ’ ಎಂಬ ಅಕ್ಷರ ಕೊರೆದ ತಗಡು ಆರು ಪೆಡಲ್ ದೋಣಿಗಳ ಬೆನ್ನ ಮೇಲೆ ಫಳಫಳ ಹೊಳೆಯುತ್ತಿದೆ. ಅದನ್ನು ಬಡಿಯುವ ಹಕ್ಕು ನನಗೆ ಬಂದದ್ದು ದೋಣಿ ಪರೀಕ್ಷಿಸುವ ನಿಮ್ಮ ಕೊಚ್ಚಿಯ ಸಂಸ್ಥೆಯ ಪ್ರಮಾಣಪತ್ರದಿಂದ. ಅದರಡಿ ಯಾರ ಸಹಿ? ನನ್ನ ಬೆನ್ನ ಮೇಲೆ ಕೂತು ಕಬ್ಬಿನ ಗದ್ದೆ ಸುತ್ತಿದವಳ ಸಹಿ! ಮಾದರಿ ದೋಣಿಗೆ ನೀರು ತುಂಬಿ, ನಾಲ್ಕು ಆಳಿನ ಭಾರ ಹೇರಿ, ಮುಳುಗಿಸಲು ನೀವೆಲ್ಲ ಹೆಣಗಿದಿರಂತೆ. ನನ್ನ ದೋಣಿ ತಲೆ ತಗ್ಗಿಸಿತೆ? ಇಲ್ಲ!

ಮಳವಳ್ಳಿ ದಾರಿಯ ಹಂಸಕೆರೆಯಲ್ಲಿ ವಿಹಾರಧಾಮ ನಡೆಸುವ ಪುಟ್ಟಸ್ವಾಮಿ ಆರನ್ನೂ ಕೊಂಡ. ಆಯುಧಪೂಜೆಯ ದಿನವೇ ಕಳಿಸಿಕೊಟ್ಟೆ. ಶೆಡ್ಡಿನ ಮುಂದೆ ಜನವೋ ಜನ. ಅವ್ವ ಆರತಿ ಎತ್ತಿದಳು. ಆಮೇಲೆ ನಾನೊಂದು ಶಾಸ್ತ್ರ ಮಾಡಿದೆ ನೋಡು... ಬೇಡ, ಕಾಗದದಲ್ಲಿ ಬರೆದರೆ ಅದರ ಸೊಗಸು ಹೋಗುತ್ತದೆ. ನೀನು ಬಂದಾಗ ಅಭಿನಯಿಸಿಯೇ ತೋರಿಸುತ್ತೇನೆ. ಪುಟ್ಟಸ್ವಾಮಿ ಬಾಯಿ ಬಿಟ್ಟುಕೊಂಡು, “ದೋಣಿಗೂ ಇಂಗೆಲ್ಲ ಮಾಡ್ತಾರೇನ್ಲಾ ಜೇಪಿ?” ಅಂದ. “ಮನೆಗ್ ಮಾಡಲ್ವೇನ್ಲಾ? ಇದು ನೀರ್ ಮ್ಯಾಲಿನ್ ಮನೆ ಕಣ್ಲಾ” ಅಂದೆ. ಚಪ್ಪಾಳೆ ಬಿತ್ತು ನೋಡು, ನಾನು ರಾಜಪಾರ್ಟು ಹಾಕಿದ ಯಾವ ನಾಟಕದಲ್ಲೂ ಅಂಥದ್ದು ಬಿದ್ದಿಲ್ಲ.

ವಿಜಯಿಯಾದ ನಿನ್ನ ಅಣ್ಣ,
ಜಯಪ್ರಕಾಶ


ಕೊಚ್ಚಿ
೧೪ ಅಕ್ಟೋಬರ್ ೨೦೨೫

ಅಣ್ಣ,

ಕಾಗದ ತಲುಪಿತು. ಹೀಗೆ ಕಾಗದದಲ್ಲೇ ಬರಿ. ಫೋನಿನಲ್ಲಿ ನೀನು ಮಾತಾಡುವುದಿಲ್ಲ, ಪಾರ್ಟು ಮಾಡುತ್ತೀಯ. ಕಾಗದದಲ್ಲಾದರೆ ನನಗೂ ಒಂದು ಸರದಿ ಸಿಗುತ್ತದೆ.

ಸಂತೋಷವಾಯಿತು. ಆದರೆ ಎರಡು ಮಾತು. ನಾವು ಮುಳುಗಿಸಿ ನೋಡಿದ್ದು ಒಂದೇ ದೋಣಿ. ಉಳಿದವೆಲ್ಲ ಅದರಂತೆಯೇ ಇರುತ್ತವೆ ಎಂದು ನೀನು ಬರೆದುಕೊಟ್ಟಿದ್ದೀಯ. ನಿಯಮದ ಜೀವ ಇರುವುದು ಆ ಮಾತಿನಲ್ಲಿ. ಮೂತಿಯಲ್ಲೂ ಸೀಟಿನಡಿಯಲ್ಲೂ ಫೋಮು ತುಂಬಿ ಮುಚ್ಚಿದ ಗಾಳಿಗೂಡುಗಳಿವೆಯಲ್ಲ, ದೋಣಿ ನೀರು ಕುಡಿದರೂ ಮನುಷ್ಯರನ್ನು ಎತ್ತಿ ಹಿಡಿಯುವುದು ಅವೇ. ಅಲ್ಲಿ ಒಂದು ಸ್ಕ್ರೂ ಕೂಡ ಹೊಡೆಯಬಾರದು. ಏನೇ ಬದಲಾಯಿಸಿದರೂ ಮೊದಲು ನಮಗೆ ತಿಳಿಸಬೇಕು.

ಇನ್ನೊಂದು. ನಮ್ಮ ಆಫೀಸಿನಿಂದ ಯಾರಾದರೂ ಫೋನ್ ಮಾಡಿದರೆ, ನಾನು ನಿನ್ನ ತಂಗಿ ಅನ್ನುವುದನ್ನು ಹೇಳಬೇಡ. ಯಾಕೆಂದು ಈಗ ಕೇಳಬೇಡ.

ಅವ್ವನ ಮಂಡಿನೋವು ಹೇಗಿದೆ?

ಕವಿತ


ಮದ್ದೂರು
೨೭ ಅಕ್ಟೋಬರ್ ೨೦೨೫

ಕವಿತಾ,

ಕೇಳುವುದಿಲ್ಲ. ಕೇಳುವ ಅಗತ್ಯವೂ ಇಲ್ಲ. ಇಟಲಿಯ ದೋಣಿ ತರಿಸುವ ಕೋಟ್ಯಧಿಪತಿಗಳ ನಡುವೆ ಕೂತವಳಿಗೆ, ಟ್ಯಾಂಕು ಮಾಡುವವನನ್ನು, ಮುಖಕ್ಕೆ ಬಣ್ಣ ಬಳಿದು ಕುಣಿಯುವವನನ್ನು ಅಣ್ಣ ಎನ್ನಲು ನಾಚಿಕೆಯಾದರೆ ಅದು ಲೋಕರೂಢಿ. ನಾಲಿಗೆ ಕಚ್ಚಿಕೊಂಡಿರುತ್ತೇನೆ.

ಅವ್ವನ ಮಂಡಿ ಹಾಗೇ ಇದೆ.

ಜಯಪ್ರಕಾಶ


ಕೊಚ್ಚಿ
೧ ಡಿಸೆಂಬರ್ ೨೦೨೫

ಅಣ್ಣ,

ಹೋದ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಬರೆಯಲು ಕೂತು ಎದ್ದೆ. ಈಗ ಅದಕ್ಕೆ ಹೊತ್ತಲ್ಲ.

ಹಂಸಕೆರೆಯಲ್ಲಿ ನಿನ್ನ ದೋಣಿ ಮುಳುಗಿತು ಎಂದು ಪುಟ್ಟಸ್ವಾಮಿ ಸಂಸ್ಥೆಗೆ ದೂರು ಕೊಟ್ಟಿದ್ದಾರೆ. ಯಾರು ಕೂತಿದ್ದರು? ಎಷ್ಟು ಜನ? ಮೊದಲು ಯಾವ ಕಡೆ ತಗ್ಗಿತು? ಲೈಫ್ ಜಾಕೆಟ್ ಹಾಕಿದ್ದರೇ? ನಿನಗೆ ಗೊತ್ತಿರುವುದನ್ನೆಲ್ಲ ಬರಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರಿ. ನಾನು ಇದನ್ನು ತಂಗಿಯಾಗಿ ಕೇಳುತ್ತಿಲ್ಲ.

ಕವಿತ


ಮದ್ದೂರು
೫ ಡಿಸೆಂಬರ್ ೨೦೨೫

ಕವಿತಾ,

ತಂಗಿಯಾಗಿ ಕೇಳದವಳಿಗೆ ತಯಾರಕನಾಗಿ ಉತ್ತರಿಸುತ್ತೇನೆ.

ಭಾನುವಾರದ ಬಿಸಿಲು. ದೋಣಿಯಲ್ಲಿ ಮೂವರೇ: ಕಿರುಗಾವಲು ಕಡೆಯ ಚಿಕ್ಕಬೋರಮ್ಮ ಎಂಬ ಹೆಂಗಸು, ಆಕೆಯ ಮಗ, ಸೊಸೆ. ಮೂವರೂ ಜಾಕೆಟ್ ತೊಟ್ಟಿದ್ದರು. ಕೆರೆಯ ನಡುವೆ ದೋಣಿ ಮೂತಿ ತಗ್ಗಿಸಿತು. ತಗ್ಗಿಸಿದ್ದು ಏಳಲಿಲ್ಲ. ಪುಟ್ಟಸ್ವಾಮಿ ನನಗೆ ಫೋನಿನಲ್ಲಿ ಅರಚಿದ: “ಲೇ ಜೇಪಿ, ನಿನ್ ದೋಣಿ ನೀರ್ ಕುಡಿಯಕ್ ಬಗ್ಗಿದ್ ಎಮ್ಮೆ ಇದ್ದಂಗೆ ನಿಂತದೆ ಕಣ್ಲಾ! ಬಾರ್ಲಾ ಬಿರ್‍ರನೆ!” ನಾನು ಹೋಗುವಷ್ಟರಲ್ಲಿ ತೆಪ್ಪದವರು ಮೂವರನ್ನೂ ಎಳೆದು ತಂದಿದ್ದರು. ಚಿಕ್ಕಬೋರಮ್ಮನ ಹೊಟ್ಟೆಗೂ ಎದೆಗೂ ನೀರು ಹೋಗಿತ್ತು. ಮಂಡ್ಯದ ಆಸ್ಪತ್ರೆಗೆ ಸೇರಿಸಿದರು. ಕಿತ್ತಳೆ ಹಣ್ಣು ಹಿಡಿದು ನೋಡಲು ಹೋದೆ. “ನೀನೇನಪ್ಪಾ ದೋಣಿ ಮಾಡ್ದೋನು? ಅದ್ಕಿಂತ ನಮ್ ದನ ನೀರ್ ಕುಡಿಯೋ ಬಾನಿ ವಾಸಿ. ಅದಾದ್ರೂ ತೇಲ್ತದೆ” ಎಂದಳು. ವಾರ್ಡಿಗೆ ವಾರ್ಡೇ ನಕ್ಕಿತು. ಹಣ್ಣನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ಹೊರಗೆ ಬಂದೆ.

ಕಾರಣ ಕೇಳುತ್ತೀಯ. ಕಾರಣ ಫೋಮು! ಹೊರದೇಶದಿಂದ ಫೋಮು ತರಿಸಿ ಮಾರುವ ಚೆನ್ನೈನ ಸ್ವರೂಪ್ ಎಂಬುವವನ ಹತ್ತಿರ ಕೊಂಡಿದ್ದೆ. ನೀರು ಹೀರದ ಸರಕು ಎಂದು ನಂಬಿಸಿದ. ಹೀರಿದೆ! ನಂಬಿ ಕೆಟ್ಟವನು ನಾನು, ಕವಿತಾ!

ಜಯಪ್ರಕಾಶ


ಕೊಚ್ಚಿ
೧೦ ಡಿಸೆಂಬರ್ ೨೦೨೫

ಅಣ್ಣ,

ನಿನ್ನ ಕಾಗದದ ವಿವರವನ್ನು ಮಾತ್ರ ಟೈಪು ಮಾಡಿ ಹೇಳಿಕೆಯಾಗಿ ದಾಖಲಿಸಿದೆ. ಹೊರಗಿನಿಂದ ತರಿಸುವವನೂ ನಮ್ಮ ಲೆಕ್ಕದಲ್ಲಿ ತಯಾರಿಸಿದವನಷ್ಟೇ ಹೊಣೆಗಾರ. ‘ನಾನು ಮಾಡಿದ್ದಲ್ಲ, ಬರೀ ತಂದಿದ್ದು’ ಎಂದು ಕೈ ತೊಳೆದುಕೊಳ್ಳುವಂತಿಲ್ಲ. ಆದ್ದರಿಂದ ಸ್ವರೂಪ್ ಅವರ ಫೋಮನ್ನು ಯಾರೂ ಬಳಸಬಾರದೆಂದು ನಮ್ಮಲ್ಲಿ ದೋಣಿ ಪರೀಕ್ಷೆಗೆ ತರುವ ಎಲ್ಲರಿಗೂ ತಿಳಿಸಿದ್ದೇವೆ. ಅವರ ಗೋದಾಮಿನ ವ್ಯಾಪಾರ ನಿಂತುಹೋಗಿದೆ. ಅವರು ಬೆಳಿಗ್ಗೆ ಫೋನ್ ಮಾಡಿದ್ದರು. ಜಗಳವಾಡಲಿಲ್ಲ. “ಮೇಡಂ, ದೋಣಿ ಕೊಯ್ದು ನೋಡಿ, ಅಷ್ಟೇ ಕೇಳೋದು” ಅಂದರು. ಆ ದನಿ ಕಿವಿಯಲ್ಲೇ ಉಳಿದಿದೆ.

ಒಂದು ಪ್ರಶ್ನೆ. ಆರು ದೋಣಿಗೂ ಅದೇ ಫೋಮು ಹಾಕಿದ್ದರೆ, ಉಳಿದ ಐದು ಈಗ ಎಲ್ಲಿವೆ? ನೀರಿನಿಂದ ಎತ್ತಿಸಿದೆಯಾ? ಕೆಟ್ಟಿದೆ ಎಂದು ಗೊತ್ತಾದ ಮೇಲೆ ಕೊಂಡವರಿಗೆ ಬರೆದು ತಿಳಿಸಿ ವಾಪಸ್ ಕರೆಸುವುದು ತಯಾರಕನ ಕೆಲಸ. ಪುಟ್ಟಸ್ವಾಮಿಗೆ ನೋಟಿಸು ಕೊಟ್ಟೆಯಾ? ಮುಂದೆ ಕ್ರಿಸ್ಮಸ್ ರಜೆ, ಹೊಸ ವರ್ಷ. ಜನ ಬರುತ್ತಾರೆ.

ಕವಿತ


ಮದ್ದೂರು
೧೩ ಡಿಸೆಂಬರ್ ೨೦೨೫

ಕವಿತಾ,

ಉಳಿದವು ಗಟ್ಟಿಯಾಗಿವೆ. ನಾನೇ ಹೋಗಿ ಮೂತಿಗಳಿಗೆ ಇನ್ನೊಂದು ಪದರ ರೆಸಿನ್ ಅಂಟು ಬಳಿದು ಬಂದಿದ್ದೇನೆ. ಚಿಂತೆ ಬೇಡ.

ಜಯಪ್ರಕಾಶ


ಕೊಚ್ಚಿ
೧೯ ಡಿಸೆಂಬರ್ ೨೦೨೫

ಅಣ್ಣ,

ಕೆಟ್ಟಿದ್ದು ಫೋಮು. ನೀನು ಬಳಿದಿದ್ದು ಮೂತಿಗೆ. ಯಾಕೆ ಮೂತಿಗೇ? ಕಾಗದ ಓದಿ ಅಲ್ಲಿಗೇ ನಿಂತುಬಿಟ್ಟೆ.

ನಿನ್ನೆ ಉತ್ತರ ಸಿಕ್ಕಿತು. ಸ್ವರೂಪ್ ತಾವೇ ಚೆನ್ನೈನಿಂದ ಹಂಸಕೆರೆಗೆ ಹೋಗಿ, ನಮ್ಮ ಸಂಸ್ಥೆಯವರ ಎದುರಿಗೆ ಮುಳುಗಿದ ದೋಣಿಯ ಮೂತಿ ಕೊಯ್ಯಿಸಿದ್ದಾರೆ. ಫೋಟೋ ನನ್ನ ಮುಂದಿದೆ. ಗಾಳಿಗೂಡಿಗೆ ಒಂದು ಊಟದ ತಟ್ಟೆಯಷ್ಟು ಅಗಲ ಕೊರೆದು ಮತ್ತೆ ಮುಚ್ಚಿದ ಗುರುತು. ಒಳಗೆ ಫೋಮನ್ನು ಕೆರೆದು ತೆಗೆದು ಮಾಡಿದ ಪೊಟರೆ. ಪೊಟರೆಯಲ್ಲಿ ಅರಿಸಿನದ ಬಟ್ಟೆಯ ಗಂಟು. ಗಂಟು ಒಡೆದಿದೆ. ಅವರೆ, ಹುರುಳಿ, ಭತ್ತ, ಎಳ್ಳು. ಒಂಬತ್ತು ಧಾನ್ಯವೂ ನೀರು ಕುಡಿದು, ಊದಿ, ಕತ್ತಲಲ್ಲೇ ಬಿಳಿಚಿದ ಮೊಳಕೆ ಒಡೆದು ಮುಚ್ಚಳವನ್ನು ಸೀಳಿವೆ; ಆ ಸೀಳಿನಿಂದಲೇ ದೋಣಿಗೆ ನೀರು ನುಗ್ಗಿದೆ. ಸುತ್ತಲಿನ ಫೋಮು ಹಿಂಡಿದರೂ ಒಂದು ಹನಿ ನೀರಿಲ್ಲ.

ಇಲ್ಲಿ ಫೋಟೋ ನೋಡಿದವರಿಗೆ ಇದೇನೆಂದು ಅರ್ಥವಾಗಲಿಲ್ಲ. ಒಬ್ಬರು ಇಲಿ ಗೂಡೇ ಎಂದರು. ನನಗೆ ಅರ್ಥವಾಯಿತು. ನಮ್ಮ ಕಡೆ ಮನೆ ಕಟ್ಟುವಾಗ ಬಾಗಿಲ ಚೌಕಟ್ಟು ನಿಲ್ಲಿಸುವ ದಿನ ಕಟ್ಟುವ ನವಧಾನ್ಯದ ಗಂಟು. ಅದು ನನಗೆ ಅರ್ಥವಾಗುತ್ತದೆಂದು ಹೇಳಲು ಬಾಯಿ ಬರಲಿಲ್ಲ.

ಆರು ದೋಣಿಗೂ ಹಾಕಿದ್ದೀಯಾ?

ಕವಿತ


ಮದ್ದೂರು
೨೩ ಡಿಸೆಂಬರ್ ೨೦೨೫

ಕವಿತಾ,

ಹೌದು, ಆರಕ್ಕೂ.

ಆದರೆ ಕೇಳು, ಮಗನ ಕಷ್ಟ ಕೇಳು. ಅವ್ವ ಹಟ ಹಿಡಿದಳು. “ಬಾಗ್ಲಿಗೆ ಕಟ್ದಂಗೆ ದೋಣಿಗೂ ಆಕು, ಇಲ್ದಿದ್ರೆ ನಾನ್ ಆರ್ತಿ ಎತ್ತಾಕಿಲ್ಲ” ಅಂದಳು. ಹೆತ್ತವಳ ಮಾತು ಮೀರಲಾದೀತೆ? ಮೀರಿದ ಮಗ ಮಗನೇ? ತಾಯ ಆಣತಿಗೆ ತಲೆ ಬಾಗಿಸಿದೆ, ಅದಕ್ಕೆ ಈ ದಂಡನೆ! ಸಂಸ್ಥೆಗೆ ಹಾಗೆಂದೇ ಬರೆದುಕೋ. ವಯಸ್ಸಾದವಳ ನಂಬಿಕೆ ಎಂದರೆ ಯಾರೂ ಹೆಚ್ಚು ಕೆದಕುವುದಿಲ್ಲ.

ರಜೆ ಮುಗಿಯಲಿ, ದೋಣಿಗಳನ್ನು ಒಂದೊಂದಾಗಿ ಎತ್ತಿಸಿ ಸರಿಮಾಡುತ್ತೇನೆ. ಈಗಲೇ ಎತ್ತಿಸಿದರೆ ಪುಟ್ಟಸ್ವಾಮಿ ಕಾರಣ ಕೇಳುತ್ತಾನೆ. ಕೇಳಿದರೆ ಊರಿಗೆಲ್ಲ ಡಂಗುರವಾಗುತ್ತದೆ. ಮೊನ್ನೆಯವರೆಗೆ ರಾಜಪಾರ್ಟಿನ ಜೇಪಣ್ಣ ಅಂದವರು ನಾಳೆ ಏನನ್ನುತ್ತಾರೆ?

ಜಯಪ್ರಕಾಶ


ಕೊಚ್ಚಿ
೩೦ ಡಿಸೆಂಬರ್ ೨೦೨೫

ಅಣ್ಣ,

ಅವ್ವನಿಗೆ ಫೋನ್ ಮಾಡಿದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

“ಊಂ ಕಣಮ್ಮ, ನಾನೇ ಏಳಿದ್ದು. ನಾನೇ ಅಂತ ಬರ್ಕೊ.”

“ಎಲ್ಲಿ ಹಾಕು ಅಂದೆ ಅವ್ವ?”

“ಎಲ್ಲಿ ಅಂದ್ರೆ? ದೋಣಿ ಮೂತಿಗೆ ಒಂದ್ ದಾರ ಕಟ್ಟಿ ನೇತಾಕ್ಲಾ ಅಂದೆ, ಲಾರಿಗೆ ನಿಂಬೆಅಣ್ಣು ಕಟ್ಟಲ್ವಾ ಅಂಗೆ.”

“ತೂತು ಕೊರಿ ಅಂದೆಯಾ?”

“ತೂತಾ? ಯಾವ ತೂತು?” ಆಮೇಲೆ ಅವಳೇ ನೆನಪು ಮಾಡಿಕೊಂಡಳು: “ಜನ ಎಲ್ಲ ಸೇರಿದ್ರು ಕಣಮ್ಮ. ಅವ್ನು ಮಿಸನ್ನು ತರ್ಸಿ, ಗರ್ಭಗುಡಿ ಅಂದ, ಅದೇನೇನೋ ಅಂದ. ಎಲ್ಲ ಸಿಳ್ಳೆ ಒಡುದ್ರು. ನಂಗೇನ್ ತಿಳೀತದೆ? ಓಗ್ಲಿ ಬುಡು, ನಾನೇ ಕೊರಿಸ್ದೆ ಅಂತ್ಲೇ ಬರ್ಕೊ. ಮುದ್ಕಿನ ಯಾರ್ ಇಡ್ಕೊಂಡೋಯ್ತಾರೆ? ಅವ್ನು ಊರಲ್ಲಿ ತಲೆ ಎತ್ಕೊಂಡ್ ತಿರುಗ್ಬೇಕಲ್ಲ.”

ಅಣ್ಣ, ನಿನ್ನ ಮೇಲೆ ನನಗೆ ಬಂದಿರುವುದು ಸಿಟ್ಟಾಗಿದ್ದರೆ ಬೈದು ಮುಗಿಸುತ್ತಿದ್ದೆ. ಅವ್ವ ಇಷ್ಟು ಬೇಗ, ಒಂದು ಉಸಿರೂ ಎಳೆಯದೆ, ನಿನ್ನ ತಪ್ಪಿನ ಮುಂದೆ ಬಂದು ನಿಂತಳಲ್ಲ, ಅದಕ್ಕೆ ಬೈಗುಳ ಸಾಲದು. ಸ್ವರೂಪ್ ಅವರನ್ನು ನೀನು ಮುಂದೆ ತಳ್ಳಿದೆ. ಅವರು ಹೊರಗಿನವರು. ಈಗ ಅವ್ವ. ಇನ್ನು ಯಾರಿದ್ದಾರೆ?

ನಾನಿದ್ದೇನೆ. ಅದನ್ನೂ ಹೇಳಿಬಿಡುತ್ತೇನೆ. ನೆಂಟರ ದೋಣಿ ಬಂದರೆ ಆ ಪರೀಕ್ಷೆಯಿಂದ ದೂರ ಸರಿಯಬೇಕು ಅನ್ನುವುದು ನಮ್ಮಲ್ಲಿಯ ಮೊದಲ ನಿಯಮ. ನಾನು ಸರಿಯಲಿಲ್ಲ. ಗಂಡನ ಮನೆಯ ಹೆಸರಿದೆ, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ. ನಿನ್ನ ಮೊದಲ ಪ್ರಮಾಣಪತ್ರದ ಮೇಲೆ ನನ್ನ ಸಹಿ ಇರಬೇಕೆಂಬ ಆಸೆ. ಅದಕ್ಕೇ ತಂಗಿ ಅನ್ನಬೇಡ ಅಂದಿದ್ದು. ನಿನ್ನ ಬಣ್ಣಕ್ಕೂ ಟ್ಯಾಂಕಿಗೂ ನಾಚಿ ಅಲ್ಲ. ನೀನು ಹಾಗೆ ತಿಳಿದೆ ಎಂದು ಗೊತ್ತಾದಾಗಲೂ ತಿದ್ದಲಿಲ್ಲ. ತಿದ್ದಿದರೆ ನನ್ನದನ್ನು ಹೇಳಬೇಕಾಗುತ್ತಿತ್ತು. ಮೊನ್ನೆ ಫೋಟೋ ಮುಂದೆ ಇಟ್ಟುಕೊಂಡು ಎಲ್ಲರೆದುರು, “ಇದು ನವಧಾನ್ಯ, ಇದನ್ನು ಹಾಕಿದವರು ನನ್ನ ಅಣ್ಣ” ಎಂದೆ. ವಿಚಾರಣೆ ಮುಗಿಯುವವರೆಗೆ ಆಫೀಸಿಗೆ ಬರಬೇಡಿ ಎಂದಿದ್ದಾರೆ.

ಸಂಸ್ಥೆ ಪುಟ್ಟಸ್ವಾಮಿಗೂ ಅಲ್ಲಿಯ ಅಧಿಕಾರಿಗಳಿಗೂ ಬರೆದಿದೆ. ಆದರೆ ರಜೆ. ಆ ಕಾಗದವನ್ನು ಯಾರು ಯಾವಾಗ ಒಡೆಯುತ್ತಾರೋ. ನಾನು ಪುಟ್ಟಸ್ವಾಮಿಗೆ ಫೋನ್ ಮಾಡಿದೆ. “ಜೇಪಿನೇ ಬಂದು ರಿಪೇರಿ ಮಾಡವ್ನೆ ಕಣಮ್ಮ, ಏನೂ ಆಗಾಕಿಲ್ಲ” ಅಂದರು. ನಿನ್ನ ಒಂದು ಪದರ ರೆಸಿನ್ನನ್ನು ನಂಬಿ ಐದು ದೋಣಿಗಳಲ್ಲಿ ಜನ ಕೂರುತ್ತಿದ್ದಾರೆ. ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದವನ್ನು ಬಸ್ಸಿನಲ್ಲಿ ಬರುವವರ ಕೈಯಲ್ಲಿ ಕಳಿಸುತ್ತಿದ್ದೇನೆ, ಬೇಗ ಸಿಗಲೆಂದು. ನೀನು ಹೇಳಿದರೆ ಅವರು ಎತ್ತಿಸುತ್ತಾರೆ. ಬೇರೆ ಯಾರು ಹೇಳಿದರೂ ಇಲ್ಲ.

ಕವಿತ


ಮದ್ದೂರು
೨ ಜನವರಿ ೨೦೨೬

ಕವಿತಾ,

ಕಾಗದ ಮೂವತ್ತೊಂದರ ಸಂಜೆ ಕೈಗೆ ಬಂತು. ಓದಿದೆ. ಒಳಗೆ ಅವ್ವ ಮುದ್ದೆ ತಿರುವುತ್ತಿದ್ದಳು. “ಏನಂತೆ ಕವಿತಂಗೆ?” ಅಂದಳು. “ನಾಳಿಕ್ ಮಳವಳ್ಳಿ ಕಡಿಕ್ ಓಗ್ಬೇಕು” ಅಂದೆ. ಅವಳು ನನ್ನ ಮುಖ ನೋಡಲಿಲ್ಲ, ನಾನೂ ನೋಡಲಿಲ್ಲ.

ಸ್ವರೂಪ್ ಅವರಿಗೆ ಫೋನ್ ಮಾಡಿ ನಾನು ಸುಳ್ಳು ಹೇಳಿದ್ದೆ ಎಂದೆ. “ಬರೆದು ಕೊಡಿ” ಎಂದರು, ಅಷ್ಟೇ. ಬರೆದು ಸಹಿ ಹಾಕಿ ಕಳಿಸಿದ್ದೇನೆ. ನಿಮ್ಮ ಸಂಸ್ಥೆಗೂ ಬರೆದಿದ್ದೇನೆ: ಕೊರೆದವನು ನಾನು, ಹೇಳಿಸಿಕೊಂಡು ಮಾಡಿದ್ದಲ್ಲ, ಆರಕ್ಕೂ ಮಾಡಿದ್ದೇನೆ. ಅವ್ವನ ಹೆಸರು ಅದರಲ್ಲಿ ಇಲ್ಲ. ನಿನ್ನ ಹೆಸರೂ ಇಲ್ಲ. ಆದರೆ ನಿನ್ನ ವಿಚಾರಣೆ ನನ್ನ ಕೈಯಲ್ಲಿಲ್ಲ ಎಂದು ಗೊತ್ತು.

ಪುಟ್ಟಸ್ವಾಮಿ ಫೋನ್ ಎತ್ತಲಿಲ್ಲ. ನಿನ್ನೆ ಬೆಳಿಗ್ಗೆಯೇ ಹಂಸಕೆರೆಗೆ ಹೋದೆ. ಹೊಸ ವರ್ಷದ ಜನಸಾಗರ. ಟಿಕೆಟ್ಟಿನ ಸಾಲು ರಸ್ತೆಯವರೆಗೆ ಬಂದಿತ್ತು. ಐದೂ ದೋಣಿ ನೀರಿನಲ್ಲಿ. ಪುಟ್ಟಸ್ವಾಮಿಯನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. “ಅಯ್ಯೋ ಪಾಪಿ! ಆವತ್ತು ಚಪ್ಪಾಳೆ ತಟ್ಟಿದ್ ಈ ಕೈಯಿಗೆ ಬೆಂಕಿ ಆಕ” ಅಂದ. ತೆಪ್ಪದವರನ್ನು ಕರೆಯಲು ಓಡಿದ.

ಅವರು ಬರುವವರೆಗೆ ನಿಲ್ಲಲಾಗಲಿಲ್ಲ. ಚಪ್ಪಲಿ ಬಿಟ್ಟು ನೀರಿಗೆ ಇಳಿದೆ. ಸೊಂಟದವರೆಗೆ ಹೋಗಿ, ಎರಡೂ ಕೈ ಎತ್ತಿ, ಇಡೀ ಕೆರೆಗೆ ಕೇಳುವಂತೆ ಕೂಗಿದೆ: “ದಡಕ್ಕೆ ಬನ್ನಿ! ಆ ದೋಣಿಗಳು ಮುಳುಗುತ್ತವೆ! ದಡಕ್ಕೆ ಬನ್ನಿ!”

ದಡದ ಮೇಲೆ ಯಾರೋ, “ಲೇ, ನಮ್ ರಾಜಪಾರ್ಟು ಜೇಪಣ್ಣ ಕಣ್ರೋ!” ಎಂದ. ಯುದ್ಧದಲ್ಲಿ ಸೋತ ರಾಜ ಕೊಳದಲ್ಲಿ ಅಡಗಿ ನಿಲ್ಲುವ ಸೀನು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ನಾನು ಅದನ್ನೇ ಆಡುತ್ತಿದ್ದೇನೆ ಎಂದುಕೊಂಡರು. ಸಿಳ್ಳೆ ಬಿತ್ತು. “ಒನ್ಸ್ ಮೋರ್!” ಎಂದರು. ಮತ್ತೆ ಕೂಗಿದೆ, ಇನ್ನೂ ಜೋರಾಗಿ. ಜೋರಾದಷ್ಟೂ ಚಪ್ಪಾಳೆ. ದೂರದಲ್ಲಿದ್ದ ಒಂದು ದೋಣಿಯವರು ವಿಡಿಯೋ ತೆಗೆಯಲು ಪೆಡಲ್ ತುಳಿದುಕೊಂಡು ಕೆರೆಯ ನಡುವಿಗೇ ಬಂದರು. ಕವಿತಾ, ಹಾರ್ಮೋನಿಯಂ ಮೇಷ್ಟ್ರು ಮೆಚ್ಚಿದ ಗಂಟಲು ಇದು. ಮೈಕಿಲ್ಲದೆ ಕೊನೆಯ ಸಾಲಿಗೂ ಮುಟ್ಟುವ ಗಂಟಲು. ಅದರಿಂದ ಹೊರಟ ಒಂದು ಮಾತನ್ನೂ ಜನ ನಿಜವೆಂದು ತಿಳಿಯಲಿಲ್ಲ. ತಪ್ಪು ಅವರದಲ್ಲ.

ಕೂಗುವುದನ್ನು ಬಿಟ್ಟೆ. ಎದೆಮಟ್ಟ, ಕತ್ತಿನಮಟ್ಟ ನೀರಿನಲ್ಲಿ ನಡೆದು, ಆಮೇಲೆ ಈಜಿ, ಹತ್ತಿರದ ದೋಣಿಯ ಅಂಚು ಹಿಡಿದೆ. ಒಳಗೆ ಒಬ್ಬ ಹೆಂಗಸು, ಎರಡು ಮಕ್ಕಳು, ನಗುತ್ತ ನನ್ನನ್ನೇ ನೋಡುತ್ತಿದ್ದರು. ಬಾಯಿ ತೆರೆದರೆ ಮತ್ತೆ ಅದೇ ದನಿ ಬಂದೀತೆಂದು ಭಯವಾಯಿತು. ಮೆಲ್ಲಗೆ ಹೇಳಿದೆ: “ಅವ್ವಾ, ವಾಪಸ್ ಓಗಿ. ಈ ದೋಣಿ ಮಾಡ್ದೋನು ನಾನು. ಕೆಡಿಸ್ದೋನೂ ನಾನೇ.” ಆಕೆಯ ನಗು ಹೋಯಿತು. ಮಕ್ಕಳನ್ನು ಒಂದು ಕೈಯಲ್ಲಿ ಅಪ್ಪಿಕೊಂಡು, ದೋಣಿಯನ್ನು ದಡದ ಕಡೆ ತಿರುಗಿಸಿದಳು.

ಹಾಗೆ ಒಂದೊಂದಕ್ಕೂ ಹೋದೆ. ತೆಪ್ಪದವರೂ ಬಂದು ಸೇರಿಕೊಂಡರು. ಕೊನೆಯ ದೋಣಿಯಲ್ಲಿ ಮಂಡ್ಯದ ಕೃಷಿ ಕೇಂದ್ರ ವಿ.ಸಿ. ಫಾರಂನಲ್ಲಿ ಕೆಲಸ ಮಾಡಿ ನಿವೃತ್ತರಾದ ದಂಪತಿ. ಆತ ಕನ್ನಡಕ ಸರಿಮಾಡಿಕೊಂಡು, “ಇದೂ ಡೈಲಾಗಾ?” ಎಂದರು. “ಅಲ್ಲ ಸ್ವಾಮಿ” ಎಂದೆ. ಅವರು ದೋಣಿಯ ಮೂತಿ ನೋಡಿದರು. ಅದು ಆಗಲೇ ಒಂದು ಗೇಣು ತಗ್ಗಿತ್ತು. ಮೊದಲು ಹೆಂಡತಿಯ ಕೈ ಹಿಡಿದು ತೆಪ್ಪಕ್ಕೆ ದಾಟಿಸಿದರು, ಆಮೇಲೆ ತಾವು ದಾಟಿದರು.

ಎಲ್ಲರೂ ದಡ ಸೇರಿದ ಮೇಲೆ ನೀರಿನಲ್ಲಿ ಉಳಿದವನು ನಾನೊಬ್ಬನೇ. ದಡದ ತುಂಬ ಜನ. ಇನ್ನೂ ಕೆಲವರು ಮುಂದಿನ ಸೀನಿಗೆ ಕಾಯುತ್ತಿದ್ದರು. ಕಾಲಿನಡಿ ಕೆಸರು. ಮೇಲೆ ಬರಲು ಆಗಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಕೊನೆಗೆ ಪುಟ್ಟಸ್ವಾಮಿ ದಡದ ಅಂಚಿಗೆ ಬಂದು ಹೇಳಿದ:

“ಬಾರ್ಲಾ ಮ್ಯಾಕೆ. ಬಂದು ಏಳು ಅವ್ರ್ಗೆ, ಏನ್ ಮಾಡಿದ್ದೆ ಅಂತ.”

ಬಂದೆ. ಒದ್ದೆ ಬಟ್ಟೆಯಲ್ಲಿ ನಿಂತು, ಮೊದಲಿಂದ ಕೊನೆಯವರೆಗೆ ಹೇಳಿದೆ, ಚಿಕ್ಕಬೋರಮ್ಮನ ವಿಷಯವನ್ನೂ ಬಿಡದೆ. ಮುಂದೆ ನಿಂತಿದ್ದವರಿಗೆ ಮಾತ್ರ ಕೇಳಿಸಿರಬೇಕು. ಅವರು ಹಿಂದಿನವರಿಗೆ ಹೇಳಿದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ.

ನಿನ್ನ ಅಣ್ಣ